ಅಜ್ಜಿಗೆಂದು ಮಾಡಿಸಿದ ಬುಶ್

ಬೇರೆಯವರ ಲೆಕ್ಕದಲ್ಲಿ ತಪ್ಪು ಹುಡುಕುವುದರಲ್ಲೇ ಆಯುಸ್ಸು ಕಳೆದವರು ನಿವೃತ್ತರಾದ ಮೇಲೆ ಏನು ಮಾಡಬೇಕು ಎಂಬುದಕ್ಕೆ ಸರ್ಕಾರ ಏನಾದರೂ ವ್ಯವಸ್ಥೆ ಮಾಡಬೇಕಿತ್ತು. ಮಾಡಿಲ್ಲ. ಹಾಗಾಗಿ ಇನ್ಶೂರೆನ್ಸ್ ಆಫೀಸಿನ ಆಡಿಟ್ ವಿಭಾಗದಿಂದ ನಿವೃತ್ತರಾದ ನನ್ನ ಸೋದರಮಾವ ಯೋಗಾನಂದ ಅವರು ಕಾರಿನ ಸಸ್ಪೆನ್ಶನ್ ವಿನ್ಯಾಸಕ್ಕೆ ಕೈಹಾಕಿದರು.

ಕಾರಣ ಒಳ್ಳೆಯದೇ. ಮಾಮನ ತಾಯಿ, ಎಂದರೆ ನನ್ನ ಅಜ್ಜಿ ಯಶೋದಮ್ಮನಿಗೆ ಬೆನ್ನುಮೂಳೆಯ ಒಂದು ಬಿಲ್ಲೆ ಕುಸಿದಿತ್ತು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ನಡೆಯಬಹುದು, ಕೂರಬಹುದು, ಕಾರಿನಲ್ಲೂ ಹೋಗಬಹುದು, ಕುಲುಕಾಟ ಮಾತ್ರ ಆಗಬಾರದು, ಆಟೋ ಅಂತೂ ಬೇಡವೇ ಬೇಡ ಎಂದರು. ಬೆಂಗಳೂರಿನಲ್ಲಿ ಕೂತುಕೊಂಡೇ ಹಾಗೆ ಹೇಳಿದ್ದು ಅವರ ಧೈರ್ಯ. ಅದೇ ಹೊತ್ತಿಗೆ ಕೆಂಗೇರಿ ಉಪನಗರದಲ್ಲಿ ಅಜ್ಜಿಯ ತಂಗಿ ಕಮಲಾಕ್ಷಮ್ಮನಿಗೆ ಕಣ್ಣಿನ ನರ ಸೊರಗತೊಡಗಿತ್ತು. ಅಂಚಿನಿಂದ ಶುರುವಾಗಿ ನೋಟ ಒಳಗೊಳಗೇ ಮುಚ್ಚಿಕೊಂಡು ಬರುವ ಕಾಯಿಲೆ. ಹೋದಷ್ಟು ಹೋಯಿತು, ತಿರುಗಿ ಬರುವುದಿಲ್ಲ. ಹೊಸ್ತಿಲು ಕಾಣದೆ ಒಮ್ಮೆ ಬಿದ್ದ ಮೇಲೆ ಆಕೆ ಗೇಟು ದಾಟುವುದನ್ನು ಬಿಟ್ಟಿದ್ದಳು. ಫೋನಿನಲ್ಲಿ ಮುಖ ತೋರಿಸಿದರೆ ಸಾಲದೇ ಎಂದು ಮಾಮನ ಹೆಂಡತಿ, ನನ್ನ ಅತ್ತೆ, ಕೇಳಿದ್ದುಂಟು. ಅಷ್ಟು ಸಣ್ಣದರಲ್ಲಿ ಅವಳಿಗೆ ನನ್ನ ಮೂಗುತಿಯೂ ಸಿಗುವುದಿಲ್ಲ ಎಂದು ಅಜ್ಜಿ ಫೋನನ್ನು ದೂರ ತಳ್ಳಿದಳು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ. ತಂಗಿಗೆ ತನ್ನ ಮುಖ ಕಾಣುವಷ್ಟು ಕಣ್ಣು ಉಳಿದಿರುವಾಗ ಒಂದು ಸಲ ಹೋಗಿ ಎದುರಿಗೆ ಕೂತು ಬರಬೇಕು.

ನಮ್ಮ ಮನೆ ಇರುವುದು ಬಸವೇಶ್ವರನಗರದಲ್ಲಿ. ಕೆಂಗೇರಿ ಒಂದು ಗಂಟೆಯ ದಾರಿ. ಬೇರೆ ಯಾರೇ ಆಗಿದ್ದರೂ ಹಿಂದಿನ ಸೀಟಿಗೆ ಎರಡು ದಿಂಬು ಹಾಕಿ, ನಿಧಾನವಾಗಿ ಓಡಿಸಿಕೊಂಡು ಹೋಗಿ ಬಂದಿರುತ್ತಿದ್ದರು. ಮಾಮ ಹಾಗೆ ಯಾರೋ ಅಲ್ಲ. ಕಂಪನಿಯವರು ಕಾರು ಮಾಡುವುದು ಸರಾಸರಿ ಮನುಷ್ಯರಿಗೆ, ನಮ್ಮ ಅಮ್ಮ ಸರಾಸರಿ ಅಲ್ಲ ಎಂದು ಘೋಷಿಸಿದರು. ಆಮೇಲೆ ಒಂದಷ್ಟು ದಿನ ಊಟದ ಮೇಜಿನ ಮೇಲೆ ಫೋನು ನಿಲ್ಲಿಸಿಕೊಂಡು, ಯಾವುದೋ ದೇಶದ ದಾಡಿಯವನೊಬ್ಬ ಕಾರಿನಡಿ ಮಲಗಿ ಮಾತಾಡುವುದನ್ನು ನೋಡಿದರು. ಆ ದೇಶದ ರಸ್ತೆಗೆ ಸಸ್ಪೆನ್ಶನ್ ಯಾಕೆ ಬೇಕೆಂದು ನನಗೆ ತಿಳಿಯಲಿಲ್ಲ. ಹಾಸಿಗೆಯ ಹಾಗಿತ್ತು.

ಮಾಮನಿಗೆ ಸಿಕ್ಕ ಜೊತೆಗಾರ ಕಿಟ್ಟಿ. ಕಾಮಾಕ್ಷಿಪಾಳ್ಯದಲ್ಲಿ ಲೇತ್ ಇಟ್ಟುಕೊಂಡವನು. ಏನು ಬರೆದುಕೊಟ್ಟರೂ ಅದನ್ನು ಕಡೆದು ಕೊಡುತ್ತಾನೆ. "ಮಾಡೋಣ ಸಾರ್" ಎಂಬುದೇ ಅವನ ಒಟ್ಟು ತಾಂತ್ರಿಕ ಅಭಿಪ್ರಾಯ.

ಇನ್ನು ನಾನು, ಕೀರ್ತನಾ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು, ಅಜ್ಜಿಯ ಜೊತೆಗಿರಲೆಂದು ಮಾಗಡಿಯಿಂದ ಬಂದವಳು. ಮಾತು ಕಡಿಮೆ. ಮಾತಾಡದವರನ್ನು ಯಾರು ಎಲ್ಲಿ ಬೇಕಾದರೂ ಕೂರಿಸಬಹುದು. ಮಾಮ ನನ್ನನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿದರು, ತೂಕದ ಲೆಕ್ಕಕ್ಕೆ.

ಯಾಕೆಂದರೆ ಅಜ್ಜಿ ತೂಕದ ಯಂತ್ರ ಹತ್ತುವುದಿಲ್ಲ. ಮನುಷ್ಯರನ್ನು ತೂಗಿದರೆ ದೃಷ್ಟಿ ತಾಗುತ್ತದೆ ಎಂಬುದು ಅವಳ ನಂಬಿಕೆ. ಕ್ಲಿನಿಕ್ಕಿನಲ್ಲೂ ಮೇಜು ಹಿಡಿದುಕೊಂಡು ಒಂದು ಕಾಲಿಟ್ಟ ಶಾಸ್ತ್ರ ಮಾಡಿ ಇಳಿದಿದ್ದಳು. ಹಿಂದಿನ ಸೀಟಿನಲ್ಲಿ ಎಷ್ಟು ಭಾರ ಕೂರುತ್ತದೆ ಎಂದು ಗೊತ್ತಿಲ್ಲದೆ ವಿನ್ಯಾಸ ಮಾಡುವ ಹಾಗಿಲ್ಲ ಎಂದು ಮಾಮನೇ ಹೇಳಿದರು. ಆಮೇಲೆ ಮಾಮನೇ ಅಂದಾಜು ಕಟ್ಟಿದರು. ಅಮ್ಮ ಎಂದರೆ ಕೀರ್ತನಾ ಮತ್ತು ಒಂದು ಚೀಲ ರಾಗಿ ಹಿಟ್ಟು. ಇಂಥ ಅಂದಾಜನ್ನು ಬೇರೆಯವರ ಕಡತದಲ್ಲಿ ಕಂಡಿದ್ದರೆ ಮಾಮನ ಕೆಂಪು ಪೆನ್ನು ಆವತ್ತೇ ಖಾಲಿಯಾಗುತ್ತಿತ್ತು.

ಮೊದಲು ಸ್ಪ್ರಿಂಗ್ ಬದಲಾಯಿಸಿದರು. ಬೇರೆ ಯಾವುದೋ ಕಾರಿನ ಮೆತ್ತನೆಯ ಸ್ಪ್ರಿಂಗನ್ನು ಕಿಟ್ಟಿ ತಂದು, ನಮ್ಮ ಕಾರಿಗೆ ಹೊಂದುವ ಬಟ್ಟಲು ಕಡೆದು ಕೂರಿಸಿದ. ನಾನೂ ಹಿಟ್ಟಿನ ಚೀಲವೂ ಅಕ್ಕಪಕ್ಕ ಕೂತು ಹಾವನೂರು ಸರ್ಕಲ್‌ವರೆಗೆ ಹೋದೆವು. ಕಾರು ಹಂಪ್ ಇಳಿದ ಮೇಲೂ ಅದನ್ನು ಮರೆಯಲೊಲ್ಲದೆ ಬಹಳ ಹೊತ್ತು ತೂಗುತ್ತಿತ್ತು. ತಿರುವಿನಲ್ಲಿ ಹಿಟ್ಟಿನ ಚೀಲ ನನ್ನ ಮೇಲೆ ಒರಗಿತು. ಮುಂದಿನ ತಿರುವಿನಲ್ಲಿ ನಾನು ಅದರ ಮೇಲೆ ಒರಗಿದೆ. ಮನೆಗೆ ಬಂದು ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡೆ. ಮುಖ ಒರೆಸಿಕೊಂಡು ಹೊರಗೆ ಬಂದಾಗ ಮಾಮ ಹೇಗಿತ್ತು ಎಂದು ಕೇಳಿದರು. ಪರವಾಗಿಲ್ಲ ಎಂದೆ. ಹಿರಿಯರು ಏನೇ ಕೇಳಿದರೂ ನನ್ನ ಬಾಯಲ್ಲಿ ಬರುವುದು ಅದೊಂದೇ ಮಾತು. ಇಡೀ ಮನೆಯಲ್ಲಿ ನನ್ನೊಬ್ಬಳ ಅಭಿಪ್ರಾಯದ ಮೇಲೆ ಒಂದು ಕಾರನ್ನು ವಿನ್ಯಾಸ ಮಾಡಬೇಕೆಂದು ಹೊಳೆದದ್ದು ಮಾಮನಿಗೆ, ನನಗಲ್ಲ.

"ಪರವಾಗಿಲ್ಲ ಅಂದ್ರೆ ಇನ್ನೂ ಸುಧಾರಿಸ್ಬೇಕು ಅಂತ ಅರ್ಥ," ಎಂದು ಮಾಮ ಕಿಟ್ಟಿಗೆ ವಿವರಿಸಿದರು.

"ಮಾಡೋಣ ಸಾರ್," ಎಂದ ಕಿಟ್ಟಿ.

ಎರಡನೆಯ ಪ್ರಯೋಗ ಬುಶ್‌ನದು. ಕಾರಿನಡಿ ಕಬ್ಬಿಣಕ್ಕೂ ಕಬ್ಬಿಣಕ್ಕೂ ನಡುವೆ ಕೂರುವ ದಪ್ಪನೆಯ ರಬ್ಬರ್ ಬಳೆಗೆ ಬುಶ್ ಎನ್ನುತ್ತಾರೆ. ರಸ್ತೆಯ ಗುದ್ದು ಸೀಟಿಗೆ ಬರುವ ಮೊದಲು ಅದರ ಮೈಮೇಲೆ ಹಾದು ಬರಬೇಕು. ತೂಗಾಟ ನಿಲ್ಲಲೆಂದು ಹಳೆಯ ಸ್ಪ್ರಿಂಗನ್ನೇ ವಾಪಸು ಹಾಕಿ, ಹಳದಿ ಬಣ್ಣದ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಬುಶ್ ಕಡೆಸಿದರು. ನೋಡಲು ಮೈಸೂರುಪಾಕಿನ ಹಾಗಿತ್ತು. ತೂಗಾಟ ನಿಂತಿತು. ಅದರ ಜೊತೆಗೆ ರಸ್ತೆಯ ಮೇಲಿನ ಪ್ರತಿಯೊಂದು ಜಲ್ಲಿಕಲ್ಲಿನ ಪರಿಚಯ ನನ್ನ ಸೊಂಟಕ್ಕೆ ಆಯಿತು. ಮಾಮ ಹೇಗಿತ್ತು ಎಂದರು. ನಾನು ನನ್ನ ಮಾತನ್ನೇ ಹೇಳಿದೆ. ಈ ಸಲ ಅದರ ಅರ್ಥ ಹತ್ತಿರ ಬಂದಿದ್ದೇವೆ ಎಂದಾಯಿತು.

ಅಜ್ಜಿ ದಿನವೂ ಸಂಜೆ ವರಾಂಡಕ್ಕೆ ಬಂದು, ಕಾರಿನಡಿಯಿಂದ ಚಾಚಿದ್ದ ಎರಡು ಜೊತೆ ಕಾಲುಗಳನ್ನು ನೋಡಿ, ಯಾವುದು ಮಗನದು ಎಂದು ಗುರುತಿಸಿಕೊಂಡು, ಆಯಿತೇನೋ ಎಂದು ಕೇಳುತ್ತಿದ್ದಳು. ಮುಂದಿನ ವಾರ ಎಂಬ ಉತ್ತರ ಕಾರಿನಡಿಯಿಂದಲೇ ಬರುತ್ತಿತ್ತು. ಆಮೇಲೆ ಅವಳು ಒಳಗೆ ಹೋಗಿ ತಂಗಿಗೆ ಫೋನು ಮಾಡುತ್ತಿದ್ದಳು. ಫೋನು ಹಿಡಿದುಕೊಳ್ಳುವುದು ನನ್ನ ಕೆಲಸವಾದ್ದರಿಂದ ಎಲ್ಲವೂ ನನಗೆ ಕೇಳಿಸುತ್ತಿತ್ತು. ಒಂದು ದಿನ ಕ್ಯಾಲೆಂಡರಿನ ತಾರೀಖುಗಳು ಹೋಗಿದ್ದವು. ಇನ್ನೊಂದು ದಿನ ತುಳಸಿಕಟ್ಟೆ ಅರ್ಧವಾಗಿತ್ತು. ಕಮಲಾಕ್ಷಮ್ಮ ಅದನ್ನೆಲ್ಲ ಹಾಲು ಒಡೆದುಹೋಯಿತು ಎನ್ನುವ ದನಿಯಲ್ಲೇ ಹೇಳುತ್ತಿದ್ದಳು. ಅಜ್ಜಿಯೂ ಹಾಗೇ ಕೇಳಿಸಿಕೊಳ್ಳುತ್ತಿದ್ದಳು. ಫೋನು ಇಟ್ಟ ಮೇಲೆ ಮಾತ್ರ ಊಟ ಅರ್ಧಕ್ಕೆ ಬಿಡುತ್ತಿದ್ದಳು.

ಮೂರನೆಯದಕ್ಕೆ ಕಿಟ್ಟಿ ಯಾವುದೋ ಹಳೆಯ ಕಾರ್ಖಾನೆ ಯಂತ್ರದ ಕಾಲಡಿಯಿಂದ ಒಂದು ರಬ್ಬರ್ ಗಟ್ಟಿ ತಂದ. ಅದನ್ನು ಬುಶ್ ಆಕಾರಕ್ಕೆ ಕಡೆದು, ಮೆತ್ತಗಾಗಲೆಂದು ಸುತ್ತಲೂ ತೂತು ಕೊರೆದರು. ಎಷ್ಟು ತೂತು ಎಂಬ ವಿಷಯದಲ್ಲಿ ಇಬ್ಬರಿಗೂ ನಮ್ಮ ಗೇಟಿನ ಮುಂದೆ ಚರ್ಚೆಯಾಯಿತು. ಎದುರು ಮನೆಯವರು ಬಾಗಿಲಿಗೆ ಬಂದು ನಿಂತು, ನೀರಿನ ಪೈಪು ಒಡೆದಿದೆಯೇ ಎಂದು ವಿಚಾರಿಸಿಕೊಂಡು ಹೋದರು. ಈ ಬುಶ್ ನಿಜವಾಗಿ ಸುಮಾರಾಗಿತ್ತು. ಆದರೆ ಹಂಪ್ ಮೇಲೆ ಕೀಚ್ ಎನ್ನುತ್ತಿತ್ತು. ಮಾಮನಿಗೆ ಅದನ್ನು ಸಹಿಸಲಾಗಲಿಲ್ಲ. ಚಕ್ರ ಬಿಚ್ಚಿ, ಕಾರನ್ನು ಇಟ್ಟಿಗೆಯ ಮೇಲೆ ನಿಲ್ಲಿಸಿ, ನಾಲ್ಕನೆಯದರ ಚಿತ್ರ ಬರೆಯಲು ಕೂತರು. ಅತ್ತೆ ಕಾಫಿ ಕೊಡುತ್ತಾ, ನಿಮ್ಮ ಅಮ್ಮನಿಗೆ ಕೀಚ್ ಶಬ್ದದಿಂದ ಬೆನ್ನು ನೋಯುತ್ತದೆಂದು ಡಾಕ್ಟರು ಹೇಳಿದ್ದಾರೆಯೇ ಎಂದು ಕೇಳಿದರು. ಮಾಮ ಕಾಫಿ ಕುಡಿದರು.

ಆವತ್ತು ಸಂಜೆ ಫೋನಿನಲ್ಲಿ ಕಮಲಾಕ್ಷಮ್ಮ, ಹಾಲಿನವನು ಬಂದಿದ್ದ, ಮುಖ ಇರಲಿಲ್ಲ, ಅಂಗಿ ಮಾತ್ರ ಬಂದಿತ್ತು ಎಂದಳು. ಹೇಳಿ ನಕ್ಕಳು. ಅಜ್ಜಿ ನಗಲಿಲ್ಲ.

ಮರುದಿನ ಬೆಳಿಗ್ಗೆ ಅಜ್ಜಿ ತಲೆಗೆ ಎಣ್ಣೆ ಹಚ್ಚಿಸಿಕೊಂಡು, ಹಸಿರು ಸೀರೆ ಉಡಿಸು ಎಂದಳು. ಬ್ಯಾಗಿಗೆ ಔಷಧಿ, ಒಂದು ಜೊತೆ ಬಟ್ಟೆ ಹಾಕಿಸಿದಳು. ನನ್ನ ತೋಳು ಹಿಡಿದು ನಿಧಾನವಾಗಿ ವರಾಂಡ ಇಳಿದು, ಇಟ್ಟಿಗೆಯ ಮೇಲೆ ನಿಂತಿದ್ದ ಕಾರಿನ ಬಾಗಿಲು ತೆಗೆಸಿ, ಹಿಂದಿನ ಸೀಟಿನಲ್ಲಿ ಕೂತಳು. ಇಷ್ಟು ದಿನದಲ್ಲಿ ಅವಳು ಆ ಕಾರಿನೊಳಗೆ ಕೂತದ್ದು ಅದೇ ಮೊದಲು. ಕೂತುಕೊಳ್ಳೆಂದು ಅಲ್ಲಿಯವರೆಗೆ ಯಾರೂ ಕರೆದಿರಲಿಲ್ಲ.

ಮಾಮ ಬನಿಯನ್ನಿನಲ್ಲೇ ಓಡಿ ಬಂದರು. "ಅಮ್ಮ, ಚಕ್ರ ಇಲ್ಲಮ್ಮ."

"ಹಾಕು."

"ಇದು ಪರ್ಫೆಕ್ಟ್ ಆಗಿಲ್ಲ ಕಣಮ್ಮ. ಇನ್ನೊಂದು ವಾರ..."

"ಕಮಲಿ ಕಣ್ಣು ವಾರ ಕೇಳ್ಕೊಂಡು ಕೂತಿಲ್ಲ," ಎಂದಳು ಅಜ್ಜಿ. "ನೀನು ಚಕ್ರ ಹಾಕೋವರ್ಗೂ ನಾನು ಇಲ್ಲೇ ಇರ್ತೀನಿ."

ಅಲ್ಲೇ ಇದ್ದಳು. ತಿಂಡಿಯನ್ನೂ ಅಲ್ಲಿಗೇ ತರಿಸಿಕೊಂಡಳು. ತರಕಾರಿ ಗಾಡಿಯವನು ಗೇಟಿನ ಹತ್ತಿರ ನಿಂತು, ಎಲ್ಲಿಗೆ ಅಜ್ಜಿ ಎಂದು ಕೇಳಿದ. ಕೆಂಗೇರಿಗೆ ಎಂದಳು. ಅವನು ಚಕ್ರವಿಲ್ಲದ ಕಾರನ್ನೂ ಅಜ್ಜಿಯನ್ನೂ ನೋಡಿ, ಹುಷಾರಾಗಿ ಹೋಗಿ ಬನ್ನಿ ಎಂದು ಗಾಡಿ ತಳ್ಳಿಕೊಂಡು ಹೋದ. ಅಷ್ಟು ಹೊತ್ತಿಗೆ ಕಿಟ್ಟಿಗೆ ಫೋನು ಹೋಗಿತ್ತು. ಅವನು ಬಂದು, ಅಜ್ಜಿಯನ್ನು ಒಳಗೆ ಕೂರಿಸಿಕೊಂಡೇ, ಕೀಚ್ ಎನ್ನುವ ಮೂರನೆಯ ಬುಶ್ಶನ್ನು ಹಾಕಿ ಚಕ್ರ ತೊಡಿಸಿದ. ತಾಂತ್ರಿಕ ಅಭಿಪ್ರಾಯವನ್ನು ಆವತ್ತು ಯಾರೂ ಕೇಳಲಿಲ್ಲ.

ಅಜ್ಜಿಯ ಬೆನ್ನಿಗೆ ಎರಡು ದಿಂಬು ಕೊಟ್ಟು ಹೊರಟೆವು. ನಾನು ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡಿದ್ದೆ. ಮಾಮ ರಸ್ತೆಗಿಂತ ಕನ್ನಡಿಯನ್ನೇ ಹೆಚ್ಚು ನೋಡುತ್ತಿದ್ದರು. ಪ್ರತಿ ಹಂಪಿಗೂ ಹೇಗಿದೆ ಅಮ್ಮ ಎನ್ನುತ್ತಿದ್ದರು, ಅಜ್ಜಿ ಪ್ರತಿ ಸಲವೂ ಮುಂದೆ ನೋಡು ಎನ್ನುತ್ತಿದ್ದಳು. ನಾಗರಬಾವಿಯ ಹತ್ತಿರ ಒಂದು ಹಳ್ಳಕ್ಕೆ ಅವಳ ಬೆರಳು ನನ್ನ ಅಂಗೈಯನ್ನು ಒತ್ತಿತು. ಮಾಮ ಕನ್ನಡಿಯಲ್ಲಿ ಅವಳ ಮುಖ ಕಂಡು ಕಾರನ್ನು ಪಕ್ಕಕ್ಕೆ ನಿಲ್ಲಿಸಿದರು. ಇಳಿದು, ಜೇಬಿನಿಂದ ಸ್ಕೇಲು ತೆಗೆದು, ಚಕ್ರಕ್ಕೂ ಮೇಲಿನ ತಗಡಿಗೂ ನಡುವಿನ ಸಂದು ಅಳೆದರು. ಕಾಲೇಜು ಹುಡುಗರಿಬ್ಬರು ಟೀ ಲೋಟ ಹಿಡಿದು ನೋಡುತ್ತಾ ನಿಂತರು.

ಮಾಮ ಕಿಟಕಿಗೆ ಮುಖ ತಂದಾಗ ಅದರ ಮೇಲೆ ಬೆಳಕಿತ್ತು. ತಪ್ಪು ಸಿಕ್ಕಿತ್ತು. ಅಜ್ಜಿ ಅಂದಾಜಿಗಿಂತ ತೀರಾ ಹಗುರ. ನಮ್ಮಿಬ್ಬರ ಭಾರಕ್ಕೆ ರಬ್ಬರು ಬಗ್ಗುತ್ತಲೇ ಇಲ್ಲ. ವಿನ್ಯಾಸ ಸರಿಯಾಗಿಯೇ ಇದೆ, ಹಿಟ್ಟಿನ ಚೀಲ ಬಿಟ್ಟು ಬಂದದ್ದು ತಪ್ಪು. ವಾಪಸು ಹೋಗಿ ಚೀಲ ಹಾಕಿಕೊಂಡು ಬರೋಣ ಎಂದರು.

"ಚೀಲಕ್ಕೆ ತಂಗಿ ಇಲ್ಲ ಕಣೋ, ನಂಗಿದಾಳೆ," ಎಂದಳು ಅಜ್ಜಿ.

ಮಾಮ ನನ್ನ ಕಡೆ ತಿರುಗಿದರು. ನಾನು ಅವರ ಸಾಕ್ಷಿ. "ಕೀರ್ತನಾ, ಹಿಟ್ಟು ಇದ್ದಾಗ ಚೆನ್ನಾಗಿತ್ತು ಅಲ್ವೇನೇ? ನೀನೇ ಹೇಳಿದ್ದೆಯಲ್ಲ."

ಅಜ್ಜಿಯ ಬೆರಳು ಇನ್ನೂ ನನ್ನ ಅಂಗೈಯಲ್ಲಿ ಗಟ್ಟಿಯಾಗಿತ್ತು. ವಾಪಸು ಹೋದರೆ ಕಾರು ಮತ್ತೆ ಇಟ್ಟಿಗೆ ಹತ್ತುತ್ತದೆ ಎಂಬುದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

"ಇಲ್ಲ ಮಾಮ," ಎಂದೆ. "ಹಿಟ್ಟಿದ್ದಾಗ್ಲೂ ಚೆನ್ನಾಗಿರ್ಲಿಲ್ಲ. ಒಂದ್ಸಲಾನೂ ಚೆನ್ನಾಗಿರ್ಲಿಲ್ಲ. ನಿಧಾನವಾಗಿ ಓಡ್ಸಿ, ಸಾಕು."

ಇಷ್ಟು ಉದ್ದದ ಮಾತನ್ನು ನಾನು ಆ ಮನೆಯಲ್ಲಿ ಆಡಿರಲೇ ಇಲ್ಲ. ಮಾಮ ಸ್ಕೇಲನ್ನು ಜೇಬಿಗೆ ಹಾಕಿಕೊಂಡು ಬಂದು ಕೂತರು. ಅಲ್ಲಿಂದ ಮುಂದೆ ನಿಧಾನವಾಗಿ ಓಡಿಸಿದರು. ನಾಯಂಡಹಳ್ಳಿಯಿಂದ ಮೈಸೂರು ರಸ್ತೆಗೆ ತಿರುಗುವಾಗ ಹಿಂದಿನ ಬಸ್ಸಿನವನು ಹಾರ್ನ್ ಒತ್ತಿ ಒತ್ತಿ ಸುಸ್ತಾದ. ನಿಧಾನವಾಗಿ ಹೋದರೆ ಕಾರು ಕುಲುಕುವುದಿಲ್ಲ ಎಂಬ ದೊಡ್ಡ ಸಂಶೋಧನೆ ಹೀಗೆ ಮೈಸೂರು ರಸ್ತೆಯ ಮೇಲೆ ನಡೆಯಿತು. ಅಜ್ಜಿಯ ಬೆರಳು ಸಡಿಲವಾಯಿತು.

ಕೆಂಗೇರಿ ಉಪನಗರದಲ್ಲಿ ಕಮಲಾಕ್ಷಮ್ಮನ ಬೀದಿಯ ಹಂಪ್ ದಾಟಿದ್ದೇ ತಡ, ಹಿಂದೆ ಠಕ್ ಎಂದು ಏನೋ ಹರಿಯಿತು. ಕಾರು ಒಂದು ಕಡೆ ವಾಲಿಕೊಂಡು, ಕುಂಟುತ್ತಾ ಅವಳ ಗೇಟಿನವರೆಗೆ ಹೋಗಿ ನಿಂತಿತು. ತೂತುಗಳ ನಡುವೆ ರಬ್ಬರು ಸೀಳಿಕೊಂಡಿತ್ತು. ಮಾಮ ಅಜ್ಜಿಯನ್ನು ಇಳಿಸಿದವರೇ ಕಾರಿನಡಿ ಹೋದರು.

ಕಮಲಾಕ್ಷಮ್ಮ ಗೋಡೆ ಸವರಿಕೊಂಡು ಜಗಲಿಗೆ ಬಂದಳು. ಅಜ್ಜಿ ಅವಳೆದುರು ಹೋಗಿ ನಿಂತಳು. ಕಮಲಾಕ್ಷಮ್ಮ ಬೀಗದ ತೂತಿನಿಂದ ಒಳಮನೆ ನೋಡುವವರ ಹಾಗೆ ಮುಖವನ್ನು ಅತ್ತ ಇತ್ತ ಸರಿಸಿದಳು. ಮೊದಲು ಹಸಿರು ಸೀರೆ ಸಿಕ್ಕಿತು. ಆಮೇಲೆ ಭುಜ. ಅಲ್ಲಿಂದ ಮೇಲೆ ಹೋಗಿ ಕಿವಿ ದಾಟಿಬಿಟ್ಟಳು, ಮತ್ತೆ ಹಿಂದಕ್ಕೆ ಬಂದಳು. ಆಮೇಲೆ ನಿಂತಳು.

"ಇಲ್ಲಿದೀಯಾ," ಎಂದಳು. "ಇಷ್ಟು ದಿನ ಏನ್ ಮಾಡ್ತಿದ್ದೆ?"

"ನನ್ ಮಗ ರಸ್ತೆ ರಿಪೇರಿ ಮಾಡ್ತಿದ್ದ, ಕಾರೊಳಗಡೆಯಿಂದ," ಎಂದಳು ಅಜ್ಜಿ.

ಇಬ್ಬರೂ ಜಗಲಿಯ ಮೇಲೆ ಎದುರುಬದುರು ಕೂತರು. ಮಾಮ ಗ್ರೀಸಿನ ಕೈಯಲ್ಲಿ ಗೇಟಿಗೆ ಬಂದು, ಕಿಟ್ಟಿಗೆ ಹೇಳಿದ್ದೇನೆ, ನಾಳೆಯೇ ಹೊಸದು ಮಾಡಿ ತರುತ್ತಾನೆ, ಒಂದು ರಾತ್ರಿ ಇಲ್ಲಿ ಸುಧಾರಿಸಿಕೊಳ್ಳಬೇಕಮ್ಮ ಎಂದು ತಪ್ಪಿತಸ್ಥರ ದನಿಯಲ್ಲಿ ಹೇಳಿದರು. ಅಜ್ಜಿ ತಲೆ ತಿರುಗಿಸದೆ ನನ್ನನ್ನು ಹತ್ತಿರ ಕರೆದಳು.

"ಆತುರ ಬೇಡ ಅಂತ ಹೇಳು. ಈ ಸಲ ಸರಿಯಾಗಿ ಆಗ್ಲಿ."

ಹೇಳಿದೆ. ಮಾಮನ ಮುಖ ಅರಳಿತು. ತಮ್ಮ ಕೆಲಸದ ಬೆಲೆ ಅಮ್ಮನಿಗೆ ಕಡೆಗೂ ತಿಳಿಯಿತೆಂದು ಭಾವಿಸಿದರು ಎಂದು ಕಾಣುತ್ತದೆ. ತೂತು ಜಾಸ್ತಿಯಾಗಿತ್ತೇನೋ ಎಂದು ನನ್ನನ್ನು ಕೇಳಿದರು. ಹೌದು, ಒಂದೊಂದೇ ಕಡಿಮೆ ಮಾಡುತ್ತಾ ನೋಡಬೇಕು ಎಂದೆ. ಅದಕ್ಕೆ ಎಷ್ಟು ದಿನ ಹಿಡಿಯುತ್ತದೆಂದು ಲೆಕ್ಕ ಹಾಕುತ್ತಾ ಅವರು ಮತ್ತೆ ಕಾರಿನಡಿ ಸೇರಿದರು.

ನಾನು ಒಳಗೆ ನೀರು ತರಲು ಹೋಗಿ ಬಂದಾಗ ಅಜ್ಜಿ ಹಾಗೇ ಕೂತಿದ್ದಳು. ಕೂತಲ್ಲಿ ಕೂರದವಳು, ದಿಂಬು ಸರಿಸು, ಸೆರಗು ಸರಿಮಾಡು ಎಂದು ಕ್ಷಣಕ್ಕೊಂದು ಹೇಳುವವಳು, ಕತ್ತನ್ನು ಒಂದಿಷ್ಟೂ ಅಲುಗಿಸದೆ ಕೂತಿದ್ದಳು. ಅಲುಗಿದರೆ ತಂಗಿ ಮತ್ತೆ ಸೀರೆಯಿಂದ ಹುಡುಕಿಕೊಂಡು ಬರಬೇಕಾಗುತ್ತಿತ್ತು.