ಕಲಮಿನಲ್ಲಿ ಬಾರದ ಹೆಸರು

ನನಗೆ ಬಾಯಿ ಜೋರು ಎಂದು ಕರ್ಕಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳಲಿ. ಸೂಲಗಿತ್ತಿಗೆ ಬಾಯಿ ಜೋರಿಲ್ಲದಿದ್ದರೆ ಕೂಸು ಹೊರಗೆ ಬರುತ್ತದೆಯೇ? ಈ ಊರಿನ ಅರ್ಧ ಮಕ್ಕಳು ಹುಟ್ಟಿದೊಡನೆ ಕೇಳಿದ್ದು ದುರ್ಗಮ್ಮನ ಬೈಗುಳ.

ಆಗ ದಾರೂಬಂದಿಯ ಕಾಲ, ಕಳ್ಳು ಸಾರಾಯಿ ಎಲ್ಲಕ್ಕೂ ನಿಷೇಧ. ನಮ್ಮ ಜಿಲ್ಲೆ ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕು ವರ್ಷವಾಗಿದ್ದರೂ ಆ ಕಾನೂನು ನಮ್ಮನ್ನು ಬಿಟ್ಟಿರಲಿಲ್ಲ. ನನ್ನ ಮಾವನ ತಲೆಮಾರಿನವರೆಗೆ ನಮ್ಮವರು ಕಳ್ಳು ಇಳಿಸುತ್ತಿದ್ದವರು. ನನ್ನ ಗಂಡ ಮರ ಹತ್ತಿದ್ದು ಕಾಯಿ ಕೊಯ್ಯಲಿಕ್ಕೆ ಮಾತ್ರ. ಅದನ್ನು ಯಾರು ಕೇಳುತ್ತಾರೆ? ಅವನು ಸತ್ತ ಮೇಲೆ ನಾನು, ಮಗಳು ಸುಬ್ಬಿ, ಅಳಿಯ ಈರ ಮೂವರೂ ಅಂಗಡಿ ಶಿವರಾಯನ ಬೇಲಿಗೆ ಹತ್ತಿದ ಮನೆಗೆ ಬಂದೆವು. ಬಂದ ದಿನವೇ ಅವನು ಬೇಲಿಯಾಚೆ ನಿಂತು, "ನೋಡೇ, ಕಳ್ಳಿನ ಕೊಡ ನಮ್ಮ ಬಾಗಿಲಿಗೇ ಬಂತು" ಎಂದು ಹೆಂಡತಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಶ್ರೀಮತಿ ಎಂಬ ಆ ಹೆಂಡತಿಯ ಎರಡೂ ಬಾಣಂತನ ಮಾಡಿದವಳು ನಾನೇ. ಹೆರಿಗೆಗೆ ಮಾತ್ರ ಈ ಕೊಡ ಒಳಕೋಣೆಯವರೆಗೂ ಬರಬಹುದಿತ್ತು.

ಸುಬ್ಬಿಗೆ ದಿನ ತುಂಬಿತ್ತು, ಚೊಚ್ಚಲು. ಈರ ಮಚವೆಯಲ್ಲಿ ಹಂಚು ತುಂಬಿಕೊಂಡು ಸಮುದ್ರದ ಮೇಲೆ ಹೋಗಿದ್ದ. ಬಾಣಂತಿ ಕಷಾಯಕ್ಕೆಂದು ನಾನು ತೊಗಟೆ ಜಜ್ಜಿ, ಬೆಲ್ಲ ಹಾಕಿ, ಹಿತ್ತಲ ಒಲೆಯ ಮೇಲೆ ದೊಡ್ಡ ಮಡಕೆ ಇಟ್ಟೆ. ಕಳ್ಳಭಟ್ಟಿಗೂ ಬೇಕಾದದ್ದು ಬೆಲ್ಲ ಮತ್ತು ತೊಗಟೆಯೇ. ಊರಿನಲ್ಲಿದ್ದ ಒಂದೇ ಫೋನು ಶಿವರಾಯನ ಅಂಗಡಿಯಲ್ಲಿತ್ತು. ದುರ್ಗಮ್ಮ ಭಟ್ಟಿ ಇಳಿಸುತ್ತಿದ್ದಾಳೆ, ಕಣ್ಣಾರೆ ಕಂಡಿದ್ದೇನೆ ಎಂದು ಅವನು ಪೇಟೆಯ ಠಾಣೆಗೆ ಫೋನು ಮಾಡಿದ.

ಹವಾಲ್ದಾರ ಬಂದವನೇ ಮಡಕೆಯನ್ನು ಒಲೆಯಿಂದ ಇಳಿಸಿದ.

"ಮೂಸಿ ನೋಡಾ ಮಾರಾಯಾ! ಬಾಣಂತಿ ಕಷಾಯ ಅದು. ನಿನ್ನ ಅವ್ವಿ ಕುಡೀಲಿಲ್ವಾ?"

"ಸಿಕ್ಕಿ ಬಿದ್ದವ್ರೆಲ್ಲ ಕಷಾಯ ಅಂತ್ಲೇ ಹೇಳೂದು. ನಡಿ."

"ಮಗ್ಳಿಗೆ ದಿನ ತುಂಬಿದೆ. ಮನೇಲಿ ಬೇರೆ ಯಾರೂ ಇಲ್ಲ. ನಿನ್ನ ಕಾಲಿಗೆ ಬೀಳ್ತೆ."

ನಾನು ಯಾರ ಕಾಲಿಗೂ ಬಿದ್ದವಳಲ್ಲ. ಅಂದು ಬಿದ್ದೆ. ಸುಬ್ಬಿ ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. "ಹೋಗ್ ಬಾ ಅವ್ವಿ, ನಂಗೆ ಎಂತ ಆಗೂದಿಲ್ಲ" ಎಂದು ನಕ್ಕಳು. ನನಗೆ ಧೈರ್ಯ ಬರಲಿ ಎಂದು ನಕ್ಕಳು, ಹುಚ್ಚು ಹುಡುಗಿ.

ನನ್ನನ್ನೂ ಮಡಕೆಯನ್ನೂ ಠಾಣೆಗೆ ಒಯ್ದರು. ಠಾಣೆಯ ದೊಡ್ಡ ಅಧಿಕಾರಿ ಫೌಜದಾರ ಭಟ್ಕಳಕ್ಕೆ ಹೋಗಿದ್ದನಂತೆ. ಅವನು ಬರುವ ತನಕ ಬಿಡುವಂತಿಲ್ಲ ಎಂದರು. ಬೈದೆ, ಅತ್ತೆ, ಮತ್ತೆ ಬೈದೆ. ಹೊತ್ತು ಇಳಿದ ಮೇಲೆ ಬಂದ ಫೌಜದಾರ ಮಡಕೆಯ ಮುಚ್ಚಳ ತೆಗೆದು, ಬೆರಳದ್ದಿ ನಾಲಗೆಗೆ ಹಚ್ಚಿಕೊಂಡ. "ಮೊನ್ನೆಯವರೆಗೂ ನಮ್ಮ ಮನೆಯ ಬಾಣಂತನಕ್ಕೆ ಇದನ್ನೇ ಕಾಯಿಸುತ್ತಿದ್ದರಲ್ಲವೇ?" ಎಂದು ಹವಾಲ್ದಾರನನ್ನು ದುರುಗುಟ್ಟಿ ನೋಡಿದ. ಹೋಗು ಎಂದದ್ದೇ ಮಡಕೆಯನ್ನು ಅಲ್ಲೇ ಬಿಟ್ಟು ಮನೆಗೆ ಓಡಿದೆ.

ಜಗಲಿಯ ಮೇಲೆ ಶ್ರೀಮತಿ ಕೂತಿದ್ದಳು. ಅವಳ ಸೆರಗಿನಲ್ಲಿ ಕೂಸಿತ್ತು.

"ಪೊಲೀಸ್ರು ಬಂದ ಮನೆ ಅಂತ ಯಾರೂ ಬರ್ಲಿಲ್ಲ, ದುರ್ಗಕ್ಕ. ನಮ್ಮವ್ರು ಬಾಗ್ಲಿಗೆ ಅಡ್ಡ ನಿಂತಿದ್ರು. ಕೂಗು ಕೇಳೂಕಾಗ್ದೆ ಹಿತ್ಲಿಂದ ಓಡಿ ಬಂದೆ. ಕೂಸು ಬಂತು. ರಕ್ತ ನಿಲ್ಲಲಿಲ್ಲ." ಅವಳು ಬಿಕ್ಕಿದಳು. "ಅವ್ವಿ ಬಂತಾ, ಅವ್ವಿ ಬಂತಾ ಅಂತ ಕಡೇ ತನಕ ಕೇಳ್ತಾ ಇತ್ತು."

ಅಂಥ ರಕ್ತವನ್ನು ಹೊಟ್ಟೆ ಒತ್ತಿ ಹಿಡಿದು ನಿಲ್ಲಿಸಿದ ಕೈ ಇದು. ಇದೇ ಶ್ರೀಮತಿಯದನ್ನೂ ನಿಲ್ಲಿಸಿತ್ತು. ನನ್ನ ಮಗಳಿಗೆ ಅದು ಬೇಕಾದಾಗ ನಾನು ಠಾಣೆಯ ಬೆಂಚಿನ ಮೇಲೆ ಕೂತಿದ್ದೆ. ಅಯ್ಯೋ ನನ್ನ ಸುಬ್ಬೀ, ಆ ಬೆಂಚು ಇನ್ನೂ ನನ್ನನ್ನು ಬಿಟ್ಟಿಲ್ಲ.

ಕೆಲವು ದಿನಗಳ ಮೇಲೆ ಫೌಜದಾರ ತಾನೇ ಮನೆಗೆ ಬಂದ. ಪೊಲೀಸರಿಗೆ ಸುಳ್ಳು ವರ್ತಮಾನ ಕೊಡುವುದು ಅಪರಾಧ, ಶಿವರಾಯನ ಮೇಲೆ ಖಟ್ಲೆ ಹಾಕುತ್ತೇನೆ, ನೀನು ಸಾಕ್ಷಿ ಹೇಳಬೇಕು ಎಂದ. ನನಗೆ ಒಂದೇ ಆಸೆ ಹುಟ್ಟಿತು. ಶಿವರಾಯ ನಾಲ್ಕು ಜನರ ಎದುರು ಸುಬ್ಬಿಗೆ ಉತ್ತರ ಕೊಡಬೇಕು, ಅವಳ ಹೆಸರು ಹಿಡಿದು.

ಕೋರ್ಟಿನಲ್ಲಿ ಮ್ಯಾಜಿಸ್ಟ್ರೇಟರು ಅವನನ್ನು ಕೇಳಿದರು, "ನಿಮ್ಮ ಹೆಂಡತಿಯ ಬಾಣಂತನದಲ್ಲಿ ಕಷಾಯ ಕಾಯಿಸಿದವರು ಯಾರು?"

"ದುರ್ಗಮ್ಮ."

"ಹಾಗಾದರೆ ವಾಸನೆ ಗೊತ್ತಿತ್ತು?"

"ಗೊತ್ತಿತ್ತು ಸಾಯ್ಬರೆ. ಆದ್ರೆ ನಮ್ಮನೇಲಿ ಕಾಯಿಸಿದ್ರೆ ಅದು ಕಷಾಯ. ಆ ಜಾತಿಯವ್ರ ಹಿತ್ಲಲ್ಲಿ ಕಾಯಿಸಿದ್ರೆ..."

ಮುಂದಿನದನ್ನು ಅವನ ವಕೀಲ ಹೇಳಗೊಡಲಿಲ್ಲ. ಹೇಳಲು ಉಳಿದದ್ದಾದರೂ ಏನಿತ್ತು?

ಮೂರು ತಿಂಗಳ ಸಜೆ ಆಯಿತು. ಸುಳ್ಳು ವರ್ತಮಾನ ಕೊಟ್ಟು ಸರಕಾರಿ ನೌಕರನ ಅಧಿಕಾರ ದುರುಪಯೋಗವಾಗುವಂತೆ ಮಾಡಿದ್ದಕ್ಕೆ, ಎಂದು ಓದಿದರು. ಫೌಜದಾರನ ಹೆಸರು ಬಂತು, ಹವಾಲ್ದಾರನದು ಬಂತು, ನನ್ನದು ಬಂತು, ಮಡಕೆಯೂ ಬಂತು. ನಾನು ಕಿವಿಗೊಟ್ಟು ಕಾದೆ. ಓದುವುದು ಮುಗಿಯಿತು.

"ಸಾಯ್ಬರೆ, ನನ್ನ ಮಗ್ಳು?"

ಮ್ಯಾಜಿಸ್ಟ್ರೇಟರು ಕೆಟ್ಟವರಲ್ಲ. ಕನ್ನಡಕ ತೆಗೆದು, "ಅಮ್ಮಾ, ಕಾನೂನಿನ ಈ ಕಲಮಿನಲ್ಲಿ ಅದು ಬರುವುದಿಲ್ಲ" ಎಂದರು. "ಹೆರಿಗೆಯಲ್ಲಿ ಆದ ಸಾವಿಗೆ ಫೋನು ಮಾಡಿದವರು ಕಾರಣ ಎಂದು ಕಾನೂನು ಹೇಳುವುದಿಲ್ಲ."

"ಸುಬ್ಬಿ ಅಂತ ಅದ್ರ ಹೆಸ್ರು," ಎಂದೆ. ಅಷ್ಟರಲ್ಲಿ ಪಟ್ಟೇವಾಲ ಮುಂದಿನ ಖಟ್ಲೆಯವರನ್ನು ಕೂಗತೊಡಗಿದ್ದ.

ಹೊರಗೆ ಬಂದಾಗ ಎಲ್ಲರೂ, "ಆತಲ್ಲ ದುರ್ಗಮ್ಮ, ನ್ಯಾಯ ಸಿಕ್ತಲ್ಲ" ಎಂದರು. ಯಾರ ಮೇಲೂ ಬೈಗುಳ ಬರಲಿಲ್ಲ ನನಗೆ.

ಕೂಸಿಗೆ ನಾನು ಸುಬ್ಬಿ ಎಂದೇ ಹೆಸರಿಟ್ಟೆ. ಶಿವರಾಯ ಸಜೆ ಮುಗಿಸಿ ಬಂದು ವರ್ಷಗಳಾದವು. ದಿನಾ ದೀಪ ಹಚ್ಚುವ ಹೊತ್ತಿಗೆ ನಾನು ಬೇಲಿಯ ಹತ್ತಿರ ನಿಂತು, ಅವನ ಪಡಸಾಲೆಗೆ ಕೇಳುವ ಹಾಗೆ, "ಸುಬ್ಬೀ, ಏ ಸುಬ್ಬೀ" ಎಂದು ಕರೆಯುತ್ತೇನೆ. ಕೋರ್ಟು ಓದದ ಹೆಸರನ್ನು ಅವನು ಕೇಳಲಿ ಎಂದೇ ಕರೆಯುವುದು. ಮೊಮ್ಮಗಳು ಎಲ್ಲಿದ್ದರೂ "ಬಂದೇ ಅಜ್ಜೀ" ಎಂದು ಓಡೋಡಿ ಬಂದು ಕಾಲು ತಬ್ಬುತ್ತಾಳೆ. ತಬ್ಬಿದ ಮೇಲೂ ನಾನು ಇನ್ನೊಂದು ಗಳಿಗೆ ದಾರಿ ನೋಡುತ್ತೇನೆ. ಈಗೀಗ ಪುಟ್ಟಿ ಕೇಳುತ್ತದೆ, "ನಾನು ಬಂದೆ ಅಲಾ ಅಜ್ಜಿ, ಮತ್ಯಾರು ಬರ್ಬೇಕು?"