ಸೊಪ್ಪು ನಿಲ್ಲಿಸಿದ ದಿನ

ಶಾಗ್ಯದಲ್ಲಿ ಯಾರ ಮನೆಯ ರೇಷ್ಮೆ ಹುಳು ಹಣ್ಣಾಗಲಿ, ಮೊದಲು ಪುಟ್ಟಮಲ್ಲಮ್ಮನಿಗೆ ಕರೆ ಬರುತ್ತಿತ್ತು. ಅವಳು ತಟ್ಟೆಯಿಂದ ಒಂದು ಹುಳು ಎತ್ತಿ ಬೆಳಕಿಗೆ ಹಿಡಿಯುವಳು. ಮೈ ತುಂಬಿಕೊಂಡು ಗಾಜಿನಂತೆ ಹೊಳೆಯುತ್ತ, ತಲೆ ಮೇಲೆತ್ತಿ ಆಡಿಸುತ್ತಿದ್ದರೆ, "ಸೊಪ್ಪು ನಿಲ್ಸ್ರವ್ವ, ಗೂಡು ಕಟ್ಟಕ್ಕೆ ಬುಡಿ" ಎನ್ನುವಳು. ಮೂವತ್ತು ವರ್ಷದಲ್ಲಿ ಆ ಕಣ್ಣು ಒಮ್ಮೆಯೂ ತಪ್ಪಿರಲಿಲ್ಲ.

ಆ ಕಣ್ಣಿಗೆ ಅರ್ಥವಾಗದೆ ಹೋದದ್ದು ಸೊಸೆ ಶಿವರತ್ನಮ್ಮನ ಕಾಯಿಲೆ. ಯಳಂದೂರಿನಿಂದ ತಂದ ಹುಡುಗಿ, ಏಳನೇ ಕ್ಲಾಸು ಓದಿದವಳು. ಬಂದ ಎರಡನೇ ವರ್ಷಕ್ಕೆ, ಅರವತ್ತೆಂಟನೇ ಇಸವಿಯ ಬೇಸಿಗೆಯಲ್ಲಿ, ಅವಳ ಮೂಗು, ಎರಡೂ ಕೆನ್ನೆಯ ಮೇಲೆ ಕೆಂಪು ಹರಡಿತು. ಬೆರಳ ಗೆಣ್ಣು ಊದಿ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚಲು ಕತ್ತಿ ಹಿಡಿಯಲಾಗುತ್ತಿರಲಿಲ್ಲ. ಸಂಜೆಯಾದರೆ ಜ್ವರ. ತಲೆ ಬಾಚಿದರೆ ಕೂದಲು ಹಿಡಿ ಹಿಡಿ ಬರುತ್ತಿತ್ತು. ದೃಷ್ಟಿ ತೆಗೆದದ್ದಾಯಿತು, ಹರಕೆ ಕಟ್ಟಿದ್ದಾಯಿತು. ಕೊನೆಗೆ ಮಗ ರುದ್ರಸ್ವಾಮಿ, ಕೌದಳ್ಳಿ ಸ್ಕೂಲಿನ ಮೇಷ್ಟ್ರು, ಶನಿವಾರಕ್ಕೊಮ್ಮೆ ಮನೆಗೆ ಬರುವವನು, ಹೆಂಡತಿಯನ್ನು ಮೈಸೂರಿಗೆ ಕರೆದೊಯ್ದು ತೋರಿಸಿದ. ಲೂಪಸ್ ಎಂದರು. ಮುಂದಿನದನ್ನು ಕೊಳ್ಳೇಗಾಲದಲ್ಲಿ ಡಾಕ್ಟರ್ ಗುರುಪಾದಸ್ವಾಮಿ ನೋಡಿಕೊಳ್ಳುವುದೆಂದಾಯಿತು.

"ನೋಡಮ್ಮ, ಮೈ ಕಾಯಬೇಕಾದ ಶಕ್ತಿಯೇ ಮೈ ಮೇಲೆ ಬಿದ್ದಿದೆ" ಎಂದರು ಡಾಕ್ಟರು. "ಈ ಮಾತ್ರೆ ಅದನ್ನ ಕಟ್ಟಿಹಾಕಿರುತ್ತೆ, ಅಷ್ಟೇ. ಚೆನ್ನಾಗಿ ಕಂಡ್ಲು ಅಂದ ಮಾತ್ರಕ್ಕೆ ಕಾಯಿಲೆ ಹೋಯ್ತು ಅಂತಲ್ಲ. ಕಮ್ಮಿ ಮಾಡೋದು ನಾನು. ನೀವಾಗಿ ನಿಲ್ಲಿಸಿದ್ರೆ ಜೀವಕ್ಕೇ ಬರುತ್ತೆ."

"ಆಗ್ಲಿ ಸಾ" ಎಂದಳು ಪುಟ್ಟಮಲ್ಲಮ್ಮ.

ಆಡಿದಂತೆ ನಡೆದಳು ಕೂಡ. ಮಾತ್ರೆಯ ಶೀಶೆ ಗೋಡೆಯ ಗೂಡಿನಲ್ಲಿ, ವಿಭೂತಿ ಗಟ್ಟಿಯ ಪಕ್ಕಕ್ಕೆ ಬಂತು. ಬೆಳಗ್ಗೆ ಹುಳುಗಳಿಗೆ ಮೊದಲ ಸೊಪ್ಪು ಹಾಕಿ ಬಂದವಳು ಸೊಸೆಗೆ ರಾಗಿ ಗಂಜಿ ಕುಡಿಸಿ, ಮಾತ್ರೆ ಕೊಟ್ಟು, ನುಂಗುವವರೆಗೂ ಎದುರಿಗೆ ನಿಲ್ಲುತ್ತಿದ್ದಳು. ಐದು ತಿಂಗಳು ಹೀಗೆಯೇ ನಡೆಯಿತು. ಜ್ವರ ಬಿಟ್ಟಿತು, ಬೆರಳು ಮಡಚಲು ಬಂತು. ಡಾಕ್ಟರು ಎಂಟು ಮಾತ್ರೆಯನ್ನು ಆರಕ್ಕೆ, ಆರನ್ನು ನಾಲ್ಕಕ್ಕೆ ಇಳಿಸಿದರು. ಮಾತ್ರೆಯ ಗುಣಕ್ಕೆ ಸೊಸೆ ರತ್ನಮ್ಮನ ಮುಖ ಮಾತ್ರ ದುಂಡಗೆ ತುಂಬಿಕೊಳ್ಳುತ್ತ ಹೋಯಿತು.

"ಏನ್ ಪುಟ್ಟಮಲ್ಲಕ್ಕ, ಸೊಸೆಗೆ ಬೆಣ್ಣೆ ನೀನೇ ತಿನ್ಸೀಯೋ, ಅವಳೇ ಅಟ್ಟ ಅತ್ತಿ ಕದ್ದು ತಿಂದಾಳೋ?" ಎಂದಳು ಪಕ್ಕದ ಮನೆಯ ಚನ್ನಮಲ್ಲಮ್ಮ. "ಮೊಕ ನೋಡು, ಉಣ್ಣಿಮೆ ಚಂದ್ರ!"

"ನಿನ್ನ ಕಣ್ಣು ಬೀಳ್ದಿದ್ರೆ ಸಾಕು, ಓಗವ್ವ."

ರತ್ನಮ್ಮ ನಗಲಿಲ್ಲ. ಒಳಗೆ ಬಂದ ಮೇಲೆ, "ಕನ್ನಡಿ ನೋಡಕ್ಕೇ ಮನಸಾಗಲ್ಲ ಅತ್ತೆಮ್ಮ. ಇದು ನನ್ನ ಮೊಕಾನೇ ಅಲ್ಲ" ಎಂದಳು.

ಕಾರ್ತಿಕದ ಬೆಳೆ ಹಣ್ಣಾದ ಬೆಳಗ್ಗೆ ಮನೆಯಲ್ಲಿ ಕೈ ತುಂಬ ಕೆಲಸ. ಆ ವಾರವೇ ಕೊಳ್ಳೇಗಾಲಕ್ಕೆ ತೋರಿಸಲು ಹೋಗಬೇಕಿತ್ತು. ಬಾಗಿಲಲ್ಲಿ ನಿಂತಿದ್ದ ಸೊಸೆಯ ಮೇಲೆ ಎಳೆ ಬೆಳಕು ಬಿದ್ದಿತ್ತು. ಪುಟ್ಟಮಲ್ಲಮ್ಮ ಅವಳ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ತುಂಬಿದ ಕೆನ್ನೆ, ಹೊಳೆಯುವ ಚರ್ಮ.

"ಸಾಕು ಕಣವ್ವ. ಡಾಕ್ಟ್ರೇ ಕಮ್ಮಿ ಮಾಡ್ಕಂಡು ಬಂದವ್ರೆ. ಹಣ್ಣಾದ ಹುಳಕ್ಕೆ ಮತ್ತೂ ಸೊಪ್ಪು ಆಕುದ್ರೆ ಗೂಡೇ ಕೆಡ್ತದೆ. ಮಾತ್ರೆ ನಿಲ್ಸು."

"ನಿಮ್ಮ ಮಗನ್ನ ಒಂದು ಮಾತು ಕೇಳನಾ?"

"ಶನಿವಾರ ಬತ್ತಾನಲ್ಲ, ನಾನೇ ಯೋಳ್ತೀನಿ ಬುಡು."

ರತ್ನಮ್ಮನ ಮುಖ ಅರಳಿತು. ತನ್ನ ಹಳೆಯ ಮುಖ ಮರಳಿ ಬರುವುದೆಂಬ ಆಸೆ ಆ ಹುಡುಗಿಗೆ. ಶನಿವಾರ ಬಂದ ಮಗನಿಗೆ ಪುಟ್ಟಮಲ್ಲಮ್ಮ ಹೇಳಲಿಲ್ಲ. ಗೂಡಿನ ಗಡಿಬಿಡಿಯಲ್ಲಿ ಮರೆತಳೋ, ಬಯ್ಯುತ್ತಾನೆಂದು ಬಿಟ್ಟಳೋ, ಅವಳಿಗೇ ತಿಳಿಯದು.

ಮಾತ್ರೆ ನಿಲ್ಲಿಸಿದ ನಾಲ್ಕನೇ ದಿನ ರತ್ನಮ್ಮನಿಗೆ ಸುಸ್ತು. ಆಮೇಲೆ ವಾಂತಿ. "ಗೂಡು ಬಿಡ್ಸದು ಮುಗೀಲಿ ಅತ್ತೆಮ್ಮ, ಆಮ್ಯಾಕೆ ಓಗನ" ಎಂದು ಗೋಡೆಗೆ ಒರಗಿಯೇ ಕೆಲಸ ಮಾಡಿದಳು. ಎರಡು ವಾರ ಕಳೆಯುವಷ್ಟರಲ್ಲಿ ಜ್ವರ ಮರುಕಳಿಸಿ, ಪಾದ ಊದಿ ಕಾಲುಂಗುರ ಕಚ್ಚಿಕೊಂಡಿತು. ಮಗನಿಗೆ ಹೇಳಿಕಳಿಸಿ, ಮೂವರೂ ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ಹೋದರು.

ಡಾಕ್ಟರು ಪಾದವನ್ನು ಹೆಬ್ಬೆರಳಿನಿಂದ ಒತ್ತಿದರು. ಬಿದ್ದ ಗುಳಿ ಹಾಗೇ ಉಳಿಯಿತು.

"ಮಾತ್ರೆ ಯಾರು ನಿಲ್ಲಿಸಿದ್ದು?"

ಮಂಚದ ಮೇಲಿಂದ ರತ್ನಮ್ಮ, "ನಾನೇ ಸಾ. ಮೊಕ ಊದ್ತಲ್ಲ ಅಂತ ನಾಚ್ಕೆ ಆಯ್ತು" ಎಂದಳು. ರುದ್ರಸ್ವಾಮಿ ಹೆಂಡತಿಯನ್ನು ದಿಟ್ಟಿಸಿದ. ಪುಟ್ಟಮಲ್ಲಮ್ಮ ನೆಲ ನೋಡಿದಳು. ಬಾಯಿ ಬಿಡಲು ಅದೇ ಹೊತ್ತಾಗಿತ್ತು. ಬಿಡಲಿಲ್ಲ.

ಮೈಸೂರಿಗೆ ಸಾಗಿಸಿದರು. ಮೂತ್ರಪಿಂಡ ಕೈಕೊಟ್ಟಿದೆ ಎಂದರು. ಮಾತ್ರೆ, ಸೂಜಿ ಎಲ್ಲ ಮತ್ತೆ ಶುರುವಾದವು. ಹತ್ತೊಂಬತ್ತನೇ ದಿನ ರತ್ನಮ್ಮ ತೀರಿಕೊಂಡಳು. ತಂದು ಸೊಪ್ಪಿನ ತೋಟದ ಅಂಚಿನಲ್ಲೇ ಮಣ್ಣು ಮಾಡಿದರು.

ಅವಳ ಹೆಸರಿನ ಶಿವಗಣಾರಾಧನೆಯ ದಿನ ಊಟ ಮುಗಿದು ನೆಂಟರು ಜಗಲಿಯ ಮೇಲೆ ಕೂತಿದ್ದರು. ರುದ್ರಸ್ವಾಮಿ ಹೆಣ್ಣು ಕೊಟ್ಟ ಅತ್ತೆ ಮಹಾಲಕ್ಷ್ಮಮ್ಮನ ಕಡೆ ತಿರುಗಿ, "ನಿಮ್ಮ ಮಗಳು ಓದಿದೋಳು. ಡಾಕ್ಟ್ರು ಅಷ್ಟು ಹೇಳಿದ್ರೂ ಮೊಕದ ಚೆಂದಕ್ಕೆ ಮಾತ್ರೆ ಬಿಟ್ಲು. ನನಗೂ ಹೇಳ್ಲಿಲ್ಲ" ಎಂದ. ಮಗಳ ತಪ್ಪು ತನ್ನದೇ ಎನ್ನುವಂತೆ ಆ ಹೆಂಗಸು ತಲೆ ತಗ್ಗಿಸಿದಳು.

ಅದನ್ನು ನೋಡಲು ಪುಟ್ಟಮಲ್ಲಮ್ಮನಿಂದ ಆಗಲಿಲ್ಲ.

"ಅವಳಲ್ಲ ಕಣಪ್ಪ. ನಿಲ್ಸು ಅಂದೋಳು ನಾನು. ನಿನ್ನ ಕೇಳ್ತೀನಿ ಅಂದ್ಲು, ನಾನೇ ಬ್ಯಾಡ ಅಂದೆ."

ಮಹಾಲಕ್ಷ್ಮಮ್ಮ ತಲೆ ಎತ್ತಿ ಕೇಳಿದಳು. "ನಿನ್ನ ಮ್ಯಾಲೆ ಬರಬಾರ್ದು ಅಂತ ನನ್ ಕೂಸು ತನ್ನ ಮ್ಯಾಲೆ ಆಕ್ಕಂಡ್ಲಾ?"

"ಊಂ."

ಮಹಾಲಕ್ಷ್ಮಮ್ಮ ಬಯ್ಯಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ರುದ್ರಸ್ವಾಮಿ ಎದ್ದು ತೋಟದ ಕಡೆ ಹೋದ. ಆಮೇಲೂ ಅವನು ಶನಿವಾರ ಬರುತ್ತಿದ್ದ, ಅವ್ವ ಬಡಿಸಿದ್ದು ಉಣ್ಣುತ್ತಿದ್ದ. ಮಾತು ಮಾತ್ರ ಉಪ್ಪು, ನೀರು ಕೇಳುವಷ್ಟಕ್ಕೇ ನಿಂತಿತು.

ಮುಂದಿನ ಬೆಳೆಗೆ ಚನ್ನಮಲ್ಲಮ್ಮ ಕರೆಯಲು ಬಂದಳು. "ಒಂದ್ಗಳಿಗೆ ಬಂದು ನೋಡಕ್ಕ, ಹಣ್ಣಾದಂಗೈತೆ."

ಪುಟ್ಟಮಲ್ಲಮ್ಮ ಹೋದಳು. ಹುಳು ಎತ್ತಿ ಬೆಳಕಿಗೆ ಹಿಡಿದಳು. ಕುರುಡರಿಗೂ ಗೊತ್ತಾಗುವಷ್ಟು ಹಣ್ಣಾಗಿತ್ತು. ಅವಳು ನೋಡುತ್ತಲೇ ಇದ್ದಳು.

"ಸೊಪ್ಪು ನಿಲ್ಸನಾ?"

"ಇನ್ನೊಂದು ಕಿತ ಆಕು."

"ತಿನ್ನಲ್ವಲ್ಲಕ್ಕ ಇದು!"

"ತಿನ್ನದಿದ್ರೆ ಬುಡ್ಲಿ" ಎಂದಳು ಪುಟ್ಟಮಲ್ಲಮ್ಮ. "ನೀನು ಆಕು."