ರವೆ ಮತ್ತು ಔಡಲೆಣ್ಣೆ

ಅಮಸಿದ್ದಪ್ಪ ಅಣ್ಣನ ಅಂಗಿಯ ಜೇಬು ಖಾಲಿ ಮಾಡುತ್ತಿದ್ದ. ಒಂದು ಟೆಸ್ಟರ್, ಬಸ್ ಪಾಸು, ತಂತಿಗೆ ಹಚ್ಚುವ ಎರಡು ಕ್ಲಿಪ್ಪು. ಕ್ಲಿಪ್ಪುಗಳನ್ನು ಏನು ಮಾಡಲಿ ಎಂದು ಅತ್ತಿಗೆಯ ಕಡೆ ನೋಡಿದ.

"ಕಾಲೇಜಿನವು ಇರ್ಬೇಕಪಾ, ತೆಗೆದಿಡು. ಸರ್ ಬಂದ್ರ ಕೊಡೂನು," ಎಂದಳು ಹುಚ್ಚವ್ವ. ಗಂಡನ ಹೆಣ ಎದುರಿಗಿದ್ದರೂ ಕಾಲೇಜಿನ ಸಾಮಾನು ಕಾಲೇಜಿಗೇ ಹೋಗಬೇಕು. ಆ ಮನೆಯ ಬುದ್ಧಿಯೇ ಅಂಥದ್ದು.

ಹುಲ್ಲಪ್ಪ ಬಾಗಲಕೋಟೆ ನವನಗರದ ಖಾಸಗಿ ಕಾಲೇಜೊಂದರಲ್ಲಿ ಭೌತಶಾಸ್ತ್ರ ಲ್ಯಾಬಿನ ಅಟೆಂಡರ್ ಆಗಿದ್ದ. ಇಪ್ಪತ್ತಾರು ವರ್ಷವೂ ಟೆಂಪರರಿ. ನಿನ್ನೆ ಮುಂಜಾನೆ ಬೇವೂರಿನಲ್ಲಿ ಬಸ್ಸಿಗೆ ನಿಂತವನು ಎದೆ ಹಿಡಿದುಕೊಂಡು ಕೂತ, ಮತ್ತೆ ಏಳಲಿಲ್ಲ. ಕಾಯಂ ಮಾಡಿರೆಂದು ಅರ್ಜಿ ಕೊಟ್ಟು ಕೊಟ್ಟು ಸಾಕಾಗಿದ್ದವನಿಗೆ ಅರ್ಜಿಯಿಲ್ಲದೆ ಮಂಜೂರಾದದ್ದು ಇದೊಂದೇ.

ಮಗಳು ವಿದ್ಯಾ ಅದೇ ಕಾಲೇಜಿನಲ್ಲಿ ಬಿ.ಎಸ್ಸಿ. ಮೊದಲನೇ ವರ್ಷ. ಗುರುವಾರ ಪ್ರಾಕ್ಟಿಕಲ್ ಪರೀಕ್ಷೆ. ಅಪ್ಪ ಸತ್ತ ಮನೆಯಲ್ಲಿ ಪರೀಕ್ಷೆ ನೆನಪಾಗುತ್ತದಲ್ಲ ಎಂದು ಅವಳಿಗೆ ತನ್ನ ಮೇಲೇ ಅಸಹ್ಯವಾಗಿತ್ತು. ಆದರೂ ನೆನಪಾಗುತ್ತಿತ್ತು.

ಹನ್ನೊಂದರ ಹೊತ್ತಿಗೆ ಪ್ರವೀಣಕುಮಾರ ಸರ್ ಕಾರಿನಲ್ಲಿ ಬಂದರು. ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರು ಒಬ್ಬ ಅಟೆಂಡರನ ಮಣ್ಣಿಗೆ ಇಷ್ಟು ದೂರ ಬಂದದ್ದೇ ದೊಡ್ಡದೆಂದು ಊರವರು ಮಾತಾಡಿಕೊಂಡರು. ಸರ್ ಹಾರ ಹಾಕಿ ಕಣ್ಣು ಒರೆಸಿಕೊಂಡರು. ಸುಳ್ಳು ಕಣ್ಣೀರಲ್ಲ ಅದು. ಹುಚ್ಚವ್ವ ಕೊಟ್ಟ ಕ್ಲಿಪ್ಪುಗಳನ್ನು ಜೇಬಿಗೆ ಹಾಕಿಕೊಂಡು, ವಿದ್ಯಾಳನ್ನು ಗೋಡೆಯ ಮಗ್ಗುಲಿಗೆ ಕರೆದರು.

"ಗುರುವಾರದ್ದು ಚಿಂತಿ ಮಾಡಬ್ಯಾಡ. ಬಂದು ಕುಂತ್ರ ಸಾಕು. ಎಕ್ಸಾಮಿನರ್ ನಾನ ಅದೀನಿ. ಮುಂದಿಂದೂ ನಾ ನೋಡ್ಕೋತೇನಿ."

ವಿದ್ಯಾ ತಲೆಯಾಡಿಸಿದಳು. ಎದೆಯ ಮೇಲಿನ ಭಾರ ಒಂದಿಷ್ಟು ಇಳಿಯಿತು.

*

ಡಿಸೆಂಬರಿನಲ್ಲಿ ಸರ್ ವಿದ್ಯುತ್ ಕ್ಷೇತ್ರದ ಪಾಠ ಶುರು ಮಾಡಿದ್ದರು. ಬೋರ್ಡಿನ ಮೇಲೆ ಒಂದು ಪ್ಲಸ್, ಒಂದು ಮೈನಸ್, ನಡುವೆ ಬಾಗಿದ ಗೆರೆಗಳು. ಈ ಗೆರೆಗಳು ಒಂದನ್ನೊಂದು ಯಾಕೆ ಕತ್ತರಿಸುವುದಿಲ್ಲ ಎಂದು ವಿದ್ಯಾ ಕೇಳಿದಳು. ಅದು ಅವುಗಳ ಗುಣ, ಎರಡು ಮಾರ್ಕಿಗೆ ಬರುತ್ತದೆ, ಬರೆದುಕೋ ಎಂದರು ಸರ್. ಎಲ್ಲರೂ ಬರೆದುಕೊಂಡರು. ಹಿಂದಿನ ಕಪಾಟಿನಲ್ಲಿ ಮೀಟರುಗಳನ್ನು ಜೋಡಿಸುತ್ತಿದ್ದ ಹುಲ್ಲಪ್ಪ ಕೇಳಿಸಿಕೊಂಡ.

ಸಂಜೆ ಐದಕ್ಕೆ ಕಾಲೇಜು ಖಾಲಿಯಾದ ಮೇಲೆ ಮಗಳನ್ನು ಲ್ಯಾಬಿಗೆ ಕರೆದ. ಗಾಜಿನ ತಟ್ಟೆಯಲ್ಲಿ ಔಡಲೆಣ್ಣೆ, ಅಂದರೆ ಹರಳೆಣ್ಣೆ, ಹಾಕಿ, ಹುಚ್ಚವ್ವನ ಡಬ್ಬಿಯಿಂದ ತಂದಿದ್ದ ರವೆಯನ್ನು ಮೇಲೆ ಉದುರಿಸಿದ. ಎಣ್ಣೆಯಲ್ಲಿ ಎರಡು ತಂತಿ ಅದ್ದಿ, ಇನ್ನೆರಡು ತುದಿಗಳನ್ನು ಹೈ ವೋಲ್ಟೇಜ್ ಪೆಟ್ಟಿಗೆಗೆ ಸಿಕ್ಕಿಸಿದ. ಕೈ ಹಿಂದೆ ಕಟ್ಟಿಕೋ ಎಂದು ಮಗಳಿಗೆ ಹೇಳಿ ಸ್ವಿಚ್ ಒತ್ತಿದ.

ಮನಸ್ಸಿಗೆ ಬಂದ ಹಾಗೆ ಬಿದ್ದಿದ್ದ ರವೆ ನಡುಗಿತು, ಹೊರಳಿತು. ಕಾಳಿನ ಹಿಂದೆ ಕಾಳು ಹತ್ತಿ ಈ ತಂತಿಯಿಂದ ಆ ತಂತಿಗೆ ಬಾಗಿದ ಸಾಲುಗಳಾದವು. ಬೋರ್ಡಿನ ಚಿತ್ರವೇ. ಅಲ್ಲಿ ಬರೀ ಸೀಮೆಸುಣ್ಣದ ಗೆರೆಯಾಗಿತ್ತು, ಇಲ್ಲಿ ಅದಕ್ಕೆ ಜೀವ ಬಂದಿತ್ತು.

"ಒಂದ ಕಾಳು ನೋಡು," ಎಂದ ಹುಲ್ಲಪ್ಪ. "ಅದರ ಮ್ಯಾಲ ಈ ತಂತಿದೂ ಜೋರ ಐತಿ, ಆ ತಂತಿದೂ ಐತಿ. ಎರಡೂ ಕೂಡಿ ಕಡೀಕ ಅದನ್ನ ಒಂದ ದಿಕ್ಕಿಗೆ ನಿಂದರಸ್ತಾವು. ಗೆರಿ ಒಂದನ್ನೊಂದು ಕತ್ತರಿಸಿದ್ವು ಅಂದ್ರ, ಅಲ್ಲಿದ್ದ ಕಾಳು ಎತ್ತ ಮಾರಿ ಮಾಡಬೇಕು?"

ವಿದ್ಯಾಳಿಗೆ ತಟ್ಟನೆ ತಿಳಿಯಿತು. ಆನಂದದಿಂದ ಅಪ್ಪನ ತೋಳು ಹಿಡಿಯಬೇಕೆನ್ನುವಷ್ಟರಲ್ಲಿ ಬಾಗಿಲಲ್ಲಿ ಇಬ್ಬರು ಗೆಳತಿಯರು ಕಂಡರು. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. "ಆತ್ರಿ ಹುಲ್ಲಪ್ಪಣ್ಣ, ಬರ್ತೇನ್ರಿ," ಎಂದಳು. ಕಾಲೇಜಿನಲ್ಲಿ ಎಲ್ಲರೂ ಅವನನ್ನು ಕರೆಯುವುದು ಹಾಗೆಯೇ. ತಾನೂ ಹಾಗೆಯೇ ಕರೆಯುತ್ತೇನೆಂದು ಅಡ್ಮಿಶನ್ ದಿನವೇ ಅವನನ್ನು ಒಪ್ಪಿಸಿದ್ದಳು. ಅವನು ನಕ್ಕು ಒಪ್ಪಿದ್ದ. ಅವತ್ತೂ ನಕ್ಕು, "ಬರ್ರೆವ್ವಾ," ಎಂದು ತಟ್ಟೆ ತೊಳೆಯಲು ಹೋದ.

*

ಹೊಲದ ಬದುವಿನ ಪಕ್ಕ ಕುಣಿ ತೋಡಿದ್ದರು. ಹೆಣ ಇಳಿಸಿದ ಮೇಲೆ ಎರಡು ಮಾತಾಡಿರೆಂದು ಹಿರಿಯರು ಸರ್‌ಗೆ ಹೇಳಿದರು. ಹುಲ್ಲಪ್ಪ ಒಂದು ದಿನವೂ ತಡವಾಗಿ ಬಂದವನಲ್ಲ, ಒಂದು ಗಾಜೂ ಒಡೆದವನಲ್ಲ ಎಂದು ಸರ್ ಹೊಗಳಿದರು. ಮಾತು ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು.

"ರವಾದ ಪ್ರಯೋಗಕ್ಕ ನನಗ ಉತ್ತಮ ಶಿಕ್ಷಕ ಅಂತ ಪ್ರಶಸ್ತಿ ಬಂತು. ನಾ ಅದನ್ನ ಕಟ್ಟೂವಾಗ ಎಣ್ಣಿ ಬಾಟ್ಲಿ ಹಿಡಕೊಂಡು ನಿಂತಾವ ಇದ ಹುಲ್ಲಪ್ಪ."

ಹತ್ತು ಕಡೆ ಹೇಳಿ ಹೇಳಿ ಅವರಿಗೇ ಅದು ಖರೆ ಅನ್ನಿಸಿಬಿಟ್ಟಿತ್ತೋ ಏನೋ.

ಗುಂಪಿನಿಂದ ಒಬ್ಬ ಮುಂದೆ ಬಂದ. ಅರ್ಷದ, ಇಳಕಲ್ಲಿನಲ್ಲಿ ಹೈಸ್ಕೂಲ್ ಮಾಸ್ತರ, ಹುಲ್ಲಪ್ಪನ ಲ್ಯಾಬಿನಲ್ಲಿ ಕಲಿತವನು.

"ತಪ್ಪ ತಿಳೀಬ್ಯಾಡ್ರಿ ಸರ್. ನೀವು ಈ ಕಾಲೇಜಿಗೆ ಬರೂಕಿಂತ ಮೊದಲ ನಾ ಅದನ್ನ ನೋಡೇನ್ರಿ. ಹುಲ್ಲಪ್ಪಣ್ಣನ ಕಟ್ಟಿದ್ದದು."

ನಿಮಗೆ ಬೇರೆ ಯಾವುದೋ ನೆನಪಿರಬೇಕು ಎಂದರು ಸರ್, ಮೆಲ್ಲಗೆ. ಅರ್ಷದ ಅವರ ಜೊತೆ ವಾದಕ್ಕೆ ಇಳಿಯಲಿಲ್ಲ. ವಿದ್ಯಾಳ ಕಡೆ ತಿರುಗಿದ.

"ತಂಗಿ, ನೀ ಹೇಳು. ಯಾರ ಕಟ್ಟಿದ್ದು?"

ದಂಡೆಯ ಮಣ್ಣು ಕೂಡಿಸುತ್ತಿದ್ದ ಅಮಸಿದ್ದಪ್ಪನ ಸಲಿಕೆ ನಿಂತಿತು. ಹುಚ್ಚವ್ವ ಅಳು ನಿಲ್ಲಿಸಿ ಮುಖ ಎತ್ತಿದಳು. ವರ್ಷ ವರ್ಷವೂ ಬೈದುಕೊಂಡೇ ರವೆ ಕಟ್ಟಿಕೊಟ್ಟವಳು ಅವಳು, ಮಗಳು ಏನು ಹೇಳುತ್ತಾಳೆಂದು ಅವಳಿಗೆ ಅನುಮಾನವೇ ಇರಲಿಲ್ಲ. ಸರ್ ಗದರಿಸಿ ನೋಡಿದ್ದರೂ ವಿದ್ಯಾಳಿಗೆ ಧೈರ್ಯ ಬರುತ್ತಿತ್ತೇನೋ. ಅವರು ನೆಲ ನೋಡುತ್ತ ನಿಂತಿದ್ದರು.

ಗುರುವಾರ, ಆಮೇಲೆ ಎರಡು ವರ್ಷ, ಎಲ್ಲ ಮಾರ್ಕೂ ಅವರ ಕೈಯಲ್ಲಿ. ಸತ್ತವನಿಗೆ ಈಗ ಏನಾದರೇನು?

"ಸರ್ ಅವರದ್ರಿ," ಎಂದಳು ವಿದ್ಯಾ. "ಅವರ ಕಟ್ಟಿದ್ರಿ."

ಅರ್ಷದ ಬಗ್ಗಿ ಒಂದು ಹಿಡಿ ಮಣ್ಣು ಕುಣಿಗೆ ಹಾಕಿ, ಯಾರಿಗೂ ಹೇಳದೆ ರಸ್ತೆಯ ಕಡೆ ನಡೆದುಬಿಟ್ಟ. ಉಳಿದವರು ಸಾಲಾಗಿ ಮಣ್ಣು ಹಾಕಿದರು. ವಿದ್ಯಾಳೂ ಒಂದು ಹಿಡಿ ಎತ್ತಿಕೊಂಡಳು.

ಮಣ್ಣಿಗೆ ಹೋದವರು ಮನೆಗೆ ಬಂದು, ಕೈಕಾಲು ತೊಳೆದು, ಹೆಣವಿದ್ದ ಜಾಗದ ದೀಪ ನೋಡಿ ಹೋಗಬೇಕು. ಎಲ್ಲರೂ ಬೇಡವೆಂದರೂ ಕೇಳದೆ ಹುಚ್ಚವ್ವ ತಾನೇ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಳು, ಬಂದವರ ಕೈಗೆ ನೀರು ಹಾಕಿದಳು. ವಿದ್ಯಾ ಕೈ ಚಾಚಿದಳು. ಮುಷ್ಟಿ ಇನ್ನೂ ಬಿಗಿಯಾಗಿಯೇ ಇತ್ತು, ಬೆರಳ ಸಂದಿಯಿಂದ ಕುಣಿಗೆ ಹಾಕದ ಮಣ್ಣು ಉದುರುತ್ತಿತ್ತು.

ಹುಚ್ಚವ್ವ ಆ ಮುಷ್ಟಿಯನ್ನು ನೋಡಿದಳು. ಆಮೇಲೆ ಅವಳ ಕೈಗೆ ಹಾಕದೆ ತಂಬಿಗೆಯನ್ನು ಆಚೆ ಸರಿಸಿ, ಹಿಂದೆ ನಿಂತಿದ್ದ ಪ್ರವೀಣಕುಮಾರ ಸರ್ ಕೈಗೆ ನೀರು ಹಾಕಿದಳು. ಸರ್ ಎರಡೂ ಕೈ ಚೆನ್ನಾಗಿ ತಿಕ್ಕಿ ತೊಳೆದುಕೊಂಡರು.